ಹಣೆಯ ಮೇಲಿನ ರೂಪಾಯಿ

ಪಕ್ಕೀರಮ್ಮ ಗಂಡನ ಹಣೆಯ ಮೇಲೆ ರೂಪಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅರಿಶಿನದ ಭಂಡಾರ ಒಣಗುವುದನ್ನು ಕಾಯುತ್ತಿದ್ದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಉಚ್ಚಂಗೆಪ್ಪನ ಹೊಟ್ಟೆಯಿಂದ ಗದ್ದದವರೆಗೆ ಚೆಂಡುಹೂವಿನ ಹಾರಗಳು ಪೇರಿಕೊಂಡಿದ್ದವು. ಬದುಕಿದ್ದಾಗ ಅವನಿಗೆ ಇಷ್ಟು ಹೂವು ಯಾರೂ ಹಾಕಿರಲಿಲ್ಲ. ಒಂದು ಸಲ ಯಾವುದೋ ಸಭೆಯಲ್ಲಿ ಒಂದು ಹಾರ ಹಾಕಿ, ಚಪ್ಪಾಳೆ ಮುಗಿಯುವಷ್ಟರಲ್ಲಿ ಮುಂದಿನ ಅತಿಥಿಗೆ ಬೇಕೆಂದು ವಾಪಸು ಇಸಿದುಕೊಂಡಿದ್ದರು.

"ಬಿಡಬೇ ಇನ್ನ, ಅಂಟೇತಿ," ಎಂದಳು ದುರುಗಮ್ಮ. ಸತ್ತವನ ಅಕ್ಕ, ಬಾಗಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. "ಹಂಗ ಒತ್ತಿದ್ರ ಸತ್ತವಂಗೂ ತಲಿನೋವು ಬರ್ತೈತಿ."

ಪಕ್ಕೀರಮ್ಮ ಬೆರಳು ತೆಗೆದಳು. ರಾಜನ ತಲೆಯ ಹಳೆಯ ಬೆಳ್ಳಿ ರೂಪಾಯಿ ಹಳದಿ ಭಂಡಾರದ ನಡುವೆ ಕೂತುಕೊಂಡಿತು. ಕೂಡ್ಲಿಗಿಯ ಸುತ್ತಮುತ್ತ ಆ ರೂಪಾಯಿಯನ್ನು ನೋಡದವರು ಕಡಿಮೆ. ಇಪ್ಪತ್ತೈದು ವರ್ಷ ಉಚ್ಚಂಗೆಪ್ಪ ಅದನ್ನು ಸಂತೆಗಳಲ್ಲಿ, ಶಾಲೆಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ಮಾಯ ಮಾಡುತ್ತ ಬಂದಿದ್ದ. ಉಳಿದ ದಿನಗಳಲ್ಲಿ ಅವನು ರಸ್ತೆ ಗ್ಯಾಂಗಿನ ಆಳು, ಕೊಟ್ಟೂರು ರಸ್ತೆಗೆ ಡಾಂಬರು ಸುರಿಯುವವನು.

ನಿನ್ನೆ ಸಂಜೆ ಕೆಲಸದಿಂದ ಬಂದವನು ಚಹಾ ಕೇಳಿ, ಇದೇ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಚಹಾ ತಂದಿಟ್ಟ ಪಕ್ಕೀರಮ್ಮ ಅವನ ಎದುರಿಗೆ ಕೂತು ಬಹಳ ಹೊತ್ತು ಸುಮ್ಮನೆ ಕಾದಳು. ಮುಖ ಗಂಭೀರ ಮಾಡಿಕೊಂಡು ಎದುರಿನವರನ್ನು ಕಾಯಿಸುವುದು ಅವನ ಹಳೆಯ ಚಾಳಿ. ಚಹಾದ ಮೇಲೆ ಕೆನೆ ಗಟ್ಟಿಯಾದಾಗ ಅವಳಿಗೆ ಈ ಸಲ ಅವನು ಕಣ್ಣು ತೆರೆಯುವುದಿಲ್ಲ ಎಂದು ತಿಳಿಯಿತು.

ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಹೋಟೆಲಿಟ್ಟಿದ್ದ ಸುಂಕಪ್ಪ ದೊಡ್ಡ ಕೆಟಲಿನಲ್ಲಿ ಚಹಾ ತಂದು, ಅಳುವವರಿಗೂ ಅಳದವರಿಗೂ ಒಂದೇ ಸಮ ಹಂಚುತ್ತಿದ್ದ. ಅವನು ಉಚ್ಚಂಗೆಪ್ಪನ ಗೆಳೆಯ. ಆಟ ನಡೆದಲ್ಲೆಲ್ಲ ಮುಂದೆ ಒಂದು ಮಗ್ಗುಲಿಗೆ ನಿಂತು "ಸುಳ್ಳು! ಎಲ್ಲಾ ಸುಳ್ಳು!" ಎಂದು ಕೂಗಿ, ಕೊನೆಗೆ ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆಯುತ್ತಿದ್ದವನು.

"ಅತ್ತಿಗಿ ಇವತ್ತರ ಎಚ್ಚರದಾಗ ಅದಾಳಲ್ಲ, ಪುಣ್ಯ," ಎಂದು ಬಾಗಿಲ ಹೊರಗೆ ಯಾರಿಗೋ ಪಿಸುಗುಟ್ಟಿದ ಜೋಗಪ್ಪ. ಅವನು ಉಚ್ಚಂಗೆಪ್ಪನ ತಮ್ಮ, ತಾಲ್ಲೂಕು ಕಚೇರಿಯ ಜವಾನ. ಪಕ್ಕೀರಮ್ಮನಿಗೆ ಕೇಳಿಸಿತು. ಕೇಳಿಸದ ಹಾಗೆ ಇರುವುದು ಅವಳಿಗೆ ಅಭ್ಯಾಸವಾಗಿತ್ತು. ಗಂಡ ಆಟ ಆಡುವಾಗ ಪಕ್ಕದಲ್ಲಿ ಹಿತ್ತಾಳೆ ಚೆಂಬಿನ ಹತ್ತಿರ ಕೂತು ತೂಕಡಿಸುವ ಹೆಂಗಸು ಎಂದೇ ಊರಿಗೆ ಅವಳು ಗೊತ್ತು. ತೂಕಡಿಕಿ ಪಕ್ಕೀರವ್ವ. ಇಂಥ ಗಂಡನಿಗೆ ಎಂಥ ಹೆಂಡತಿ ಗಂಟುಬಿದ್ದಳು ಎಂದು ಕನಿಕರಪಟ್ಟವರೂ ಇದ್ದರು.

ಆಗ ಬೊಮ್ಮಯ್ಯಜ್ಜ ಒಳಗೆ ಬಂದ. ದೊಡ್ಡ ರುಮಾಲಿನ ಈ ಮುದುಕನ ಮಾತು ಸಾವಿನ ಮನೆಯಲ್ಲಿ ಮಾತ್ರ ನಡೆಯುತ್ತಿತ್ತು. ಮದುವೆ ಮನೆಯಲ್ಲಿ ಅವನನ್ನು ಊಟಕ್ಕೆ ಕೂರಿಸಿ ಬೇಗ ಕಳಿಸುತ್ತಿದ್ದರು. ಹಾಗಾಗಿ ಯಾರಾದರೂ ಸತ್ತಾಗ ಅವನ ನಡಿಗೆಯೇ ಬೇರೆಯಾಗುತ್ತಿತ್ತು. ಅವನು ಹೆಣವನ್ನು ಕಾಲಿನಿಂದ ಮೇಲಕ್ಕೆ ಪರೀಕ್ಷಿಸಿ, ಹಣೆಗೆ ಬಂದು ನಿಂತ.

"ಹಣಿಮ್ಯಾಲಿನ ರೂಪಾಯಿ ಎಲ್ಲಿ?"

ಎಲ್ಲರೂ ನೋಡಿದರು. ಹಣೆಯ ಮೇಲೆ ಭಂಡಾರವಿತ್ತು, ಭಂಡಾರದ ನಡುವೆ ದುಂಡನೆಯ ಗುರುತಿತ್ತು, ರೂಪಾಯಿ ಇರಲಿಲ್ಲ.

ಹಲಗೆಯವರು ನಿಲ್ಲಿಸಿದರು. ಅಳುತ್ತಿದ್ದವರೂ ನಿಲ್ಲಿಸಿದರು. ಮೊದಲು ಬಾಯಿಬಿಟ್ಟವನು ಸುಂಕಪ್ಪ: "ಹಾರಿಸಿಬಿಟ್ಟ ನೋಡ್ರಪಾ! ಸತ್ತ ಮ್ಯಾಲೂ ಬಿಡಲಿಲ್ಲ ಮಗ!"

"ಸುಮ್ಮನಿರೋ ಸುಂಕಪ್ಪ," ಎಂದ ಜೋಗಪ್ಪ. "ಎಣ್ಣಿಗೆ ಜಾರಿರ್ತೈತಿ. ನಮ್ಮಕ್ಕ ತಲಿಗೆ ಒಂದು ಗಿಂಡಿ ಔಡಲೆಣ್ಣಿ ಸುರುವ್ಯಾಳ."

"ಹುಟ್ಟಿದಾಗ ನಾನ ಎಣ್ಣಿ ಹಚ್ಚೀನಿ, ಈಗ ಹಚ್ಚಬಾರದೇನು?" ಎಂದು ದುರುಗಮ್ಮ ಮತ್ತೆ ಅಳತೊಡಗಿದಳು.

ಜೋಗಪ್ಪ ಹಾಸಿದ ಚಾಪೆ ಎತ್ತಿ ನೋಡಿದ, ಹೆಣದ ಹಿಂದೆ ಕೈ ಹಾಕಿ ತಡವಿದ, ಸಿಗಲಿಲ್ಲ. ತನ್ನ ಅಂಗಿಯ ಜೇಬಿನಿಂದ ಬೇರೊಂದು ರೂಪಾಯಿ ತೆಗೆದು, ಭಂಡಾರ ಮೆತ್ತಿ, ಅಣ್ಣನ ಹಣೆಗೆ ಬಲವಾಗಿ ಒತ್ತಿದ. "ಈಗ ನಾನ ಇಲ್ಲೇ ನಿಂತು ನೋಡ್ತೀನಿ. ಹೆಂಗ ಹೊಕ್ಕೈತಿ ಹೋಗಲಿ."

"ಜೋಗಣ್ಣಾ, ಚಟ್ಟಕ್ಕ ಹಗ್ಗ ಸಾಲದು!" ಎಂದು ಅಂಗಳದಿಂದ ಕೂಗು ಬಂತು.

"ದನದ ಕೊಟ್ಟಿಗ್ಯಾಗ ಐತಿ ನೋಡ್ರೋ," ಎಂದು ಅವನು ತಿರುಗಿ ಹೇಳಿ, ಮತ್ತೆ ಈ ಕಡೆ ತಿರುಗಿದ. ಹಣೆ ಬರಿದಾಗಿತ್ತು.

ಜೋಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಬಾಗಿಲಲ್ಲಿ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ, ಯಾರೂ ನೋಡದ ಹಾಗೆ, ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ಪಕ್ಕೀರಮ್ಮ ಎರಡು ಸಲವೂ ನೋಡಿದ್ದಳು. ರೂಪಾಯಿ ಎಣ್ಣೆಗೆ ಮೆಲ್ಲಗೆ ಸರಿದು, ಮೂಗಿನ ಪಕ್ಕದಿಂದ ಇಳಿದು, ಗದ್ದದ ಕೆಳಗಿನ ಹಾರದೊಳಗೆ ಸೇರಿತ್ತು. ಒಂದು ಚೆಂಡುಹೂವು ಹೌದೆನ್ನುವಂತೆ ತಲೆಯಾಡಿಸಿತ್ತು, ಅಷ್ಟೇ. ಸದ್ದು ಬಂದಿದ್ದರೆ ಎಲ್ಲರೂ ಅತ್ತ ನೋಡುತ್ತಿದ್ದರು. ಸದ್ದು ಬರಲಿಲ್ಲ, ಆದ್ದರಿಂದ ಯಾರಿಗೂ ಅದು ಬೀಳಲಿಲ್ಲ. ಹೇಳಿಬಿಡಬೇಕೆಂದು ಅವಳು ಬಾಯಿ ತೆರೆದಳು. ಆದರೆ ಬಾಗಿಲಲ್ಲಿ ಕಣ್ಣರಳಿಸಿ ನಿಂತಿದ್ದ ಮುಖಗಳನ್ನು ನೋಡಿ, ಇರಲಿ, ಅವರಿಗೆ ಇದೊಂದು ಕೊನೆಯ ಆಟ ಎನ್ನಿಸಿತು. ನಿನ್ನೆಯಿಂದ ಮೊದಲ ಸಲ ನಗು ಬಂತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದ ಮನೆಯವಳು ಅಳುತ್ತಿದ್ದಾಳೆಂದು ತಿಳಿದು ಬೆನ್ನು ಸವರಿದಳು.

*

ಮದುವೆಯಾದ ಹೊಸತರಲ್ಲಿ ಉಚ್ಚಂಗೆಪ್ಪನ ಆಟವನ್ನು ಯಾರೂ ನಂಬುತ್ತಿರಲಿಲ್ಲ. ರಸ್ತೆ ಕೆಲಸದ ಟೆಂಟಿನ ಹತ್ತಿರ ಒಂದು ತಿಂಗಳು ತಂಗಿದ್ದ ಗಾರುಡಿಗನೊಬ್ಬನಿಂದ ಅವನು ನಾಣ್ಯವನ್ನು ಅಂಗೈಯಲ್ಲಿ ಅಡಗಿಸುವುದನ್ನು ಕಲಿತಿದ್ದ. ರೂಪಾಯಿ ತೋರಿಸುವುದು, ಮುಷ್ಟಿ ಕಟ್ಟುವುದು, ದೂರದ ಚೆಂಬಿನೊಳಗೆ ಒಗೆದ ಹಾಗೆ ಮಾಡುವುದು, ಕೈ ಬಿಚ್ಚಿ ಖಾಲಿ ತೋರಿಸುವುದು. ಆದರೆ ಹಂಪಸಾಗರದಲ್ಲಿ ಯಾವನೋ ಎದ್ದು ನಿಂತು ಕೇಳಿದ: "ಒಗದಿ, ಸರಿ. ಬಿದ್ದ ಸದ್ದ ಬರಲಿಲ್ಲಲ್ಲಪಾ?" ಇಡೀ ಗುಂಪು ನಕ್ಕಿತು. ಉಚ್ಚಂಗೆಪ್ಪನ ಕಿವಿ ಕೆಂಪಾಯಿತು. ಮುಷ್ಟಿಯೊಳಗಿನ ರೂಪಾಯಿ ಬೆವರಿಗೆ ಜಾರಿ ಅವನ ಕಾಲ ಬುಡದಲ್ಲೇ ಬಿದ್ದು, ಬರಬೇಕಾದ ಸದ್ದನ್ನೆಲ್ಲ ಅಲ್ಲಿ ಮಾಡಿತು.

ಆಮೇಲೆ ಕೆಲವು ದಿನ ಅವನು ಮನೆಯಲ್ಲಿ ಮುಷ್ಟಿ ಕಟ್ಟುತ್ತ ಬಿಚ್ಚುತ್ತಲೇ ಇದ್ದ. ಒಂದು ದಿನ ಊಟಕ್ಕೆ ಕೂತಾಗಲೂ ರೊಟ್ಟಿ ಬಿಟ್ಟು ಒಗೆಯುವ ಅಭ್ಯಾಸ ಮಾಡುತ್ತಿದ್ದ. ಪಕ್ಕೀರಮ್ಮ ಎದುರಿಗೆ ಕೂತಿದ್ದಳು. ಬಟ್ಟೆಯ ಸಿಂಬಿಯ ಮೇಲೆ ನೀರಿಲ್ಲದ ಹಿತ್ತಾಳೆ ಚೆಂಬಿತ್ತು. ಜೋಮು ಹಿಡಿದ ಕಾಲನ್ನು ಅವಳು ಚಾಚಿದಳು. ಕಾಲುಂಗುರ ಚೆಂಬಿನ ಕಂಠಕ್ಕೆ ತಾಗಿತು.

ಟಿಣ್.

ಉಚ್ಚಂಗೆಪ್ಪ ಗಾಬರಿಯಾಗಿ ಬಗ್ಗಿ ಚೆಂಬಿನೊಳಗೆ ನೋಡಿದ. ಚೆಂಬಿನ ಕೆಳಗೆ ನೋಡಿದ. ಗಂಗಾಳ ಎತ್ತಿ ನೋಡಿದ. "ಎಲ್ಲಿ ಬಿತ್ತು? ಎಲ್ಲಿ ಬಿತ್ತಬೇ?"

"ಏನು?"

"ರೂಪಾಯಿ!"

"ನಿಮ್ಮ ಕೈಯಾಗ ಐತಲ್ರೀ."

ಅವನು ಮುಷ್ಟಿ ಬಿಚ್ಚಿ ನೋಡಿದ. ರಾಜನ ತಲೆ ಅಲ್ಲೇ ಇತ್ತು. ಅವನು ರೂಪಾಯಿಯನ್ನು ನೋಡಿದ, ಚೆಂಬನ್ನು ನೋಡಿದ, ಹೆಂಡತಿಯ ಕಾಲನ್ನು ನೋಡಿದ. ಮುಖವನ್ನು ನೋಡಿದ್ದು ಎಲ್ಲಕ್ಕಿಂತ ಕೊನೆಗೆ.

"ನನ್ನ ಕೈಯಾಗ ಇಟ್ಕೊಂಡು ನಾನ ನಂಬಿಬಿಟ್ಟೆ," ಎಂದ. "ಇನ್ನ ಆ ಮಂದಿ ಬಿಡ್ತಾರೇನು?"

ಆ ರಾತ್ರಿಯಿಂದ ಇಬ್ಬರೂ ಕಲಿತರು. ಚೆಂಬಿನ ಬುಡಕ್ಕೆ ಹೊಡೆದರೆ ಸದ್ದು ಮೊಂಡಾಗುತ್ತದೆ, ಕಂಠಕ್ಕೆ ಹೊಡೆಯಬೇಕು. ಹೊಡೆದ ಬೆರಳನ್ನು ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ದನಿ ಸಾಯುತ್ತದೆ. ಚೆಂಬು ಸಿಂಬಿಯ ಮೇಲೆಯೇ ಇರಬೇಕು. ಸೀರೆಯ ನಿರಿಗೆ ಚೆಂಬಿನ ಒಂದು ಮಗ್ಗುಲನ್ನು ಮುಚ್ಚಿರಬೇಕು. ಎಲ್ಲಕ್ಕಿಂತ ಮುಖ್ಯ, ಸದ್ದು ಮಾಡುವವಳ ಮುಖದಲ್ಲಿ ಸದ್ದಿನ ಸುಳಿವಿರಬಾರದು. ಅದಕ್ಕೇ ಅವಳು ತೂಕಡಿಸತೊಡಗಿದಳು. ತೂಕಡಿಸುವವಳನ್ನು ಯಾರು ನೋಡುತ್ತಾರೆ?

*

"ಕಣ್ಕಟ್ಟು ವಿದ್ಯೆ ಇದು," ಎಂದ ಬೊಮ್ಮಯ್ಯಜ್ಜ, ರುಮಾಲನ್ನು ಸರಿಪಡಿಸಿಕೊಳ್ಳುತ್ತ. "ಇಂಥವರ ಕೈ ಬಿಟ್ಟು ಮಣ್ಣು ಕೊಡಬಾರದು. ಹೆಡಮುರಿಗಿ ಕಟ್ಟಬೇಕು. ಕೊಟ್ಟಿಗ್ಯಾಗಿನ ಹಗ್ಗ ತರ್ರಿ."

ಪಕ್ಕೀರಮ್ಮನ ನಗು ಅಲ್ಲಿಗೇ ನಿಂತಿತು.

"ಹೆಡಮುರಿಗ್ಯಾ?" ಎಂದ ಜೋಗಪ್ಪ. "ಕಳ್ಳನ್ನ ಕಟ್ಟಿದಂಗ?"

"ಕಳ್ಳನಿಗೆ ಪೊಲೀಸರು ಕಟ್ತಾರ, ಇವಗ ನಾವು ಕಟ್ಟಬೇಕು. ನಮ್ಮಪ್ಪ ಹೇಳ್ತಿದ್ದ, ಹಡಗಲಿ ಕಡಿ ಹಿಂಗ ಒಬ್ಬ ಇದ್ದ. ಕೈ ಕಟ್ಟದ ಮಣ್ಣು ಮಾಡಿದ್ರು. ಮುಂದ ಆ ಊರಾಗ ಯಾರ ಜೇಬಿನ್ಯಾಗೂ ರೊಕ್ಕ ನಿಲ್ಲಲಿಲ್ಲ."

"ನಮ್ಮೂರಾಗ ಈಗ ನಿಂತೈತೇನಜ್ಜ?" ಎಂದ ಸುಂಕಪ್ಪ.

ಯಾರೋ ನಕ್ಕರು. ಆದರೆ ಚಟ್ಟ ಹೊರಬೇಕಾದ ನಾಲ್ವರು ನಗಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, ಕೈ ಕಟ್ಟದಿದ್ದರೆ ತಾವು ಹೊರುವುದಿಲ್ಲವೆಂದರು. ಹೊತ್ತು ಇಳಿಯುತ್ತಿತ್ತು. ಕತ್ತಲಾಗುವ ಮುಂಚೆ ಮಣ್ಣಾಗಬೇಕು. ಹಗ್ಗ ಬಂತು. ಎಮ್ಮೆ ಕಟ್ಟುವ ಹಗ್ಗ. ಒಂದು ತುದಿಗೆ ಸಗಣಿ ಒಣಗಿತ್ತು.

ಪಕ್ಕೀರಮ್ಮ ಗಂಡನ ಕೈಗಳನ್ನು ನೋಡಿದಳು. ಜಲ್ಲಿ ಹೊತ್ತು, ಡಾಂಬರು ಸುರಿದು ದಡ್ಡುಗಟ್ಟಿದ್ದ ಅಂಗೈ. ದಡ್ಡಿಗೆ ಉಜ್ಜಿದರೆ ರೂಪಾಯಿ ಕರ್ ಎನ್ನುತ್ತದೆಂದು, ಆ ಕರ್ ಮುಂದಿನ ಸಾಲಿಗೆ ಕೇಳಿಸುತ್ತದೆಂದು, ಪ್ರತಿ ಸಂಜೆ ಬಿಸಿನೀರಲ್ಲಿ ಅದ್ದಿಸಿ ಔಡಲೆಣ್ಣೆ ತಿಕ್ಕುತ್ತಿದ್ದವಳು ಅವಳೇ. ರಸ್ತೆ ಮಾಡುವ ಕೈಯನ್ನು ಸಂಜೆಗೆ ಮೆತ್ತಗೆ ಮಾಡುವುದು, ಬೆಳಗ್ಗೆ ಅದು ಮತ್ತೆ ಹೋಗಿ ಒರಟಾಗಿ ಬರುವುದು. ಅವರ ಸಂಸಾರದ ಬಹುಪಾಲು ಮಾತು ಆ ಎಣ್ಣೆ ತಿಕ್ಕುವ ಹೊತ್ತಿನಲ್ಲೇ ಆಗಿತ್ತು.

ಅವಳು ಎದ್ದು ಹೋಗಿ ಹಾರದೊಳಗೆ ಕೈ ಹಾಕಿದಳು. ಬೆಳ್ಳಿಯ ರೂಪಾಯಿಯನ್ನೂ ಜೋಗಪ್ಪನ ರೂಪಾಯಿಯನ್ನೂ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಎಣ್ಣಿಗೆ ಜಾರಿ ಹೂವಿನಾಗ ಬಿದ್ದಿದ್ವು. ಕೈ ಕಟ್ಟಬ್ಯಾಡ್ರಿ."

"ಹಾಂ! ನಾ ಅನ್ನಲಿಲ್ಲೇನು?" ಎಂದು ಜೋಗಪ್ಪ ತನ್ನ ರೂಪಾಯಿಯನ್ನು ಗಬಕ್ಕನೆ ಜೇಬಿಗೆ ಇಳಿಸಿದ.

ಬೊಮ್ಮಯ್ಯಜ್ಜ ಅಲ್ಲಾಡಲಿಲ್ಲ. "ಇವತ್ತಿಂದು ಹೂವಿನಾಗ ಬಿದ್ದಿದ್ದೀತು ಯವ್ವಾ. ಇಷ್ಟು ವರ್ಷದ್ದು? ಬರೇ ಗಾಳಿ ಒಗದಾನ, ಅದು ಚೆಂಬಿನ್ಯಾಗ ಟಿಣ್ ಅಂದೈತಿ. ನಾನ ಕೇಳೀನಿ. ಕಣ್ಣಿಗೆ ಮೋಸ ಮಾಡಬಹುದು, ಕಿವಿಗೆ ಹೆಂಗ ಮಾಡ್ತಾನ? ಆ ಸದ್ದ ಎಲ್ಲಿಂದ ಬಂತು? ನೀನ ಪಕ್ಕದಾಗ ಕುಂತಿದ್ದೆಲ್ಲ, ಹೇಳು."

"ಆಕಿ ಎಲ್ಲಿ ಎಚ್ಚರಿದ್ಳು!" ಎಂದಿತು ಬಾಗಿಲಿನಿಂದ ಒಂದು ದನಿ.

"ನಾನೂ ಕೇಳೀನಿ," ಎಂದ ಹೊರುವವರಲ್ಲೊಬ್ಬ. "ನನ್ನ ಮದುವ್ಯಾಗ ಆಡಿದ್ದ. ಟಿಣ್ ಅಂತು."

ಎಲ್ಲರೂ ಕೇಳಿದ್ದರು. ಊರಿನಲ್ಲಿ ಆ ಸದ್ದು ಕೇಳದ ಕಿವಿಯೇ ಇರಲಿಲ್ಲ. ಈಗ ಅವರೆಲ್ಲರೂ ಅವಳ ಬಾಯನ್ನು ನೋಡುತ್ತಿದ್ದರು. ಪಕ್ಕೀರಮ್ಮ ಸೀರೆಯ ಅಂಚನ್ನು ಎಳೆದು ಕಾಲಬೆರಳು ಮುಚ್ಚಿಕೊಂಡಳು.

*

ಒಮ್ಮೆ ಮಾತ್ರ ಅವಳು ತಪ್ಪಿದ್ದಳು. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ, ಮೆಣಸಿನಕಾಯಿ ಚೀಲಗಳ ಪಕ್ಕದಲ್ಲಿ ಆಟ ಹೂಡಿದ್ದರು. ಉಚ್ಚಂಗೆಪ್ಪ ಮುಷ್ಟಿ ಕಟ್ಟಿ ಇನ್ನೂ ಕೈ ಎತ್ತಿರಲಿಲ್ಲ, ಕೆಂಜಿಗವೊಂದು ಅವಳ ಪಾದ ಕಚ್ಚಿತು. ಟಿಣ್. ಒಗೆಯುವ ಮುಂಚೆಯೇ ರೂಪಾಯಿ ಚೆಂಬಿಗೆ ಬಿದ್ದಿತ್ತು.

ಅವಳು ಕಣ್ಣು ಮುಚ್ಚಿಕೊಂಡೇ ಸತ್ತೆನೆಂದುಕೊಂಡಳು. ಉಚ್ಚಂಗೆಪ್ಪ ಎತ್ತದ ಕೈಯನ್ನು ಹಾಗೇ ಹಿಡಿದು ಗುಂಪಿನ ಕಡೆ ತಿರುಗಿದ.

"ನೋಡಿದ್ರ್ಯಾ? ಒಗಿಯಾದೂ ಬೇಕಿಲ್ಲ ಈಗ. ಮನಸಿನ್ಯಾಗ ಅಂದ್ರ ಸಾಕು, ತಾನ ಹೊಕ್ಕೈತಿ!"

ಅಂದಿನಷ್ಟು ಚಪ್ಪಾಳೆ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಒಬ್ಬ ಮುದುಕ ಹೊಸ ಅಲ್ಯೂಮಿನಿಯಂ ಹತ್ತು ಪೈಸೆ ಕೊಟ್ಟು ಅದನ್ನೂ ಹಾರಿಸು ಎಂದ. ಹಾರಿಸಿದ. ಚೆಂಬಿನಿಂದ ಬೆಳ್ಳಿಯ ದನಿಯೇ ಬಂತು. ಅವಳ ಕಾಲಲ್ಲಿ ಇದ್ದದ್ದು ಅದೊಂದೇ ದನಿ. "ಏನಪಾ, ಅಲ್ಯೂಮಿನಿ ಹಿಂಗ ನುಡೀತೈತಿ?" ಎಂದು ಮುದುಕ ಕೇಳಿದಾಗ ಉಚ್ಚಂಗೆಪ್ಪ ನಗದೆ ಉತ್ತರಿಸಿದ: "ನಮ್ಮ ಚೆಂಬಿನ್ಯಾಗ ಬಿದ್ದ ಮ್ಯಾಲ ಎಲ್ಲಾ ಬೆಳ್ಳಿನ, ಯಜಮಾನ್ರ."

ಸಂಜೆ ಲಾರಿಯ ಹಿಂದೆ, ಜೋಳದ ಚೀಲಗಳ ಮೇಲೆ ಕೂತು ವಾಪಸು ಬರುವಾಗ ಅವಳು ಅವನನ್ನು ಕೇಳಿದಳು: "ಆಟದಾಗ ನನ್ನ ಕಡಿ ಒಮ್ಮಿನೂ ನೋಡಾದಿಲ್ಲಲ್ಲ ನೀವು. ಕೆಂಜಿಗ ಕಚ್ಚಿ ಜೀವ ಹೋದ್ರೂ ನೋಡಾದಿಲ್ಲೇನು?"

"ನಾ ನೋಡಿದ್ರ ಅವರೂ ನೋಡ್ತಾರ," ಎಂದ ಅವನು. ಚೀಲದ ಮೇಲೆ ಅವಳ ಪಾದವನ್ನು ತೊಡೆಗೆ ಎಳೆದುಕೊಂಡು, ಕೆಂಜಿಗ ಕಚ್ಚಿದ ಜಾಗಕ್ಕೆ ಎಂಜಲು ಹಚ್ಚಿ ತಿಕ್ಕಿದ.

"ಯಾರಿಗೂ ಹೇಳಬ್ಯಾಡ," ಎಂದ ಆಮೇಲೆ. "ನಾ ಸತ್ರೂ."

"ಸತ್ತ ಮ್ಯಾಲ ಹೇಳಿದ್ರೇನು?"

"ನಾ ಹಾಕಿದ ಡಾಂಬರು ಮೂರು ಮಳಿಗೆ ಕಿತ್ತು ಹೊಕ್ಕೈತಿ. ಮಂದಿ ಬಾಯಾಗ ಉಳಿಯಾದು ಇದೊಂದ."

*

ಹೇಳಿದರೆ ಅದೂ ಕಿತ್ತುಹೋಗುತ್ತದೆ. ಹೇಳದಿದ್ದರೆ ಈ ಹಗ್ಗ.

ಹೊರುವವರಿಬ್ಬರು ಆಗಲೇ ಉಚ್ಚಂಗೆಪ್ಪನ ಹೆಗಲು ಹಿಡಿದು ಮುಂದಕ್ಕೆ ಬಾಗಿಸುತ್ತಿದ್ದರು. ಅವನ ತಲೆ ಮುಂದಕ್ಕೆ ವಾಲಿ, ಏನೋ ತಪ್ಪು ಮಾಡಿದವನಂತೆ ನೆಲ ನೋಡಿತು. ಪಕ್ಕೀರಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ತಡೀರಿ," ಎಂದಳು. "ಆ ವಿದ್ಯೆ ಇವರ ಕೈಯಾಗ ಈಗ ಇಲ್ಲ. ಮೊನ್ನೆನ ನನಗ ಕೊಟ್ಟಾರ."

ಎಲ್ಲರೂ ಅವಳ ಕಡೆ ತಿರುಗಿದರು. ಜೋಗಪ್ಪ ಬಾಯಿ ತೆರೆದು, "ನಿನಗಾ?" ಎಂದ. ಕತ್ತೆಗೆ ಯಾರೋ ಕನ್ನಡಕ ಕೊಟ್ಟರೆಂದು ಕೇಳಿದವನ ಹಾಗಿತ್ತು ಅವನ ದನಿ.

"ನನಗ. ಚೆಂಬು ತರ್ರಿ. ಸಿಂಬಿನೂ ತರ್ರಿ."

"ಏನವಾ ಇದು, ಇಂಥಾ ಹೊತ್ನ್ಯಾಗ," ಎಂದು ಗೊಣಗುತ್ತ ದುರುಗಮ್ಮ ಅಡುಗೆಮನೆಯಿಂದ ಚೆಂಬು ತಂದಳು. "ಲಗೂ ಮುಗಸು. ಹೆಣ ಎತ್ತೂ ಹೊತ್ತಿಗೆ ನಿನ್ನ ಕಾಲುಂಗುರ ತಗೀಬೇಕು, ನೆನಪೈತೇನು?"

ನೆನಪಿತ್ತು. ಪಕ್ಕೀರಮ್ಮ ಸಿಂಬಿಯ ಮೇಲೆ ಚೆಂಬನ್ನಿಟ್ಟು, ಯಾವಾಗಲೂ ಕೂರುವ ಹಾಗೆ ಎಡಗಾಲು ಮಡಚಿ, ಬಲಗಾಲನ್ನು ನಿರಿಗೆಯೊಳಗೆ ಸರಿಸಿ ಕೂತಳು. ಜನ ಸುತ್ತುವರಿದರು. ಬಲಗಡೆಯಿಂದಲೂ ಬಂದು ನಿಂತರು. ಬಲಗಡೆ ಯಾರೂ ಇರಬಾರದಿತ್ತು. ಅಲ್ಲಿಂದ ಕಾಲು ಕಾಣುತ್ತದೆ. ಆ ಕಡೆ ಜನ ನಿಲ್ಲದ ಹಾಗೆ ಏನು ಮಾಡುತ್ತಿದ್ದೆವು ಎಂದು ಯೋಚಿಸಿದರೆ ಅವಳಿಗೆ ನೆನಪಾಗಲಿಲ್ಲ. ಏನೂ ಮಾಡುತ್ತಿರಲಿಲ್ಲ. ಅಲ್ಲಿ ಯಾರೂ ನಿಲ್ಲುತ್ತಲೇ ಇರಲಿಲ್ಲ.

"ಸರೀರಿ, ಸರೀರಿ, ಬಿಸಿ ಚಾ ಐತಿ!" ಎಂದು ಸುಂಕಪ್ಪ ಕೆಟಲು ಹಿಡಿದು ನುಗ್ಗಿದ. ಬಲಗಡೆಯವರನ್ನೆಲ್ಲ ಮೊಣಕೈಯಿಂದ ಆಚೆ ದಬ್ಬಿ, ತನ್ನ ಅಗಲವಾದ ಬೆನ್ನನ್ನು ಆ ಕಡೆ ಅಡ್ಡವಾಗಿಟ್ಟು, ಸಂತೆಯಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ ನಿಂತುಕೊಂಡ. ಅವಳ ಕಡೆ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತ, "ಸುಳ್ಳು! ಎಲ್ಲಾ ಸುಳ್ಳು!" ಎಂದು ಕೂಗಿದ.

ಇವನಿಗೂ ಗೊತ್ತಿತ್ತು. ಇಷ್ಟು ವರ್ಷ.

ಕಾಲಿನ ಭಯ ಅವಳಿಗಿರಲಿಲ್ಲ, ಕೈಯದಿತ್ತು. ಅವಳ ಕೈ ಒಂದು ಸಲವೂ ಈ ಕೆಲಸ ಮಾಡಿರಲಿಲ್ಲ. ಎಣ್ಣೆ ತಿಕ್ಕಿಸಿಕೊಳ್ಳುತ್ತ ಅವನು ಹೇಳುತ್ತಿದ್ದ ಮಾತು ಮಾತ್ರ ನೆನಪಿತ್ತು: ಒಗೆದ ಕೈ ಹಗುರ ಕಾಣಬೇಕು, ಹಿಡಿದ ಕೈ ಸತ್ತವನ ಕೈಯ ಹಾಗಿರಬೇಕು. ಅವಳು ಗೋಡೆಯ ಕಡೆ ನೋಡಿದಳು. ಉಚ್ಚಂಗೆಪ್ಪನ ಬಲಗೈ ಹಾರದ ಮೇಲೆ ಬಿದ್ದಿತ್ತು. ಬೆರಳುಗಳು ಅರ್ಧ ಮಡಚಿದ್ದವು, ಯಾವ ಹಟವೂ ಇರಲಿಲ್ಲ. ಅವಳು ಅದನ್ನೇ ನೋಡುತ್ತ ತನ್ನ ಬೆರಳುಗಳನ್ನು ಹಾಗೇ ಮಡಚಿದಳು.

ರಾಜನ ತಲೆಯನ್ನು ಎಲ್ಲರಿಗೂ ತೋರಿಸಿದಳು. ಎಡಗೈಗೆ ಕೊಟ್ಟ ಹಾಗೆ ಮಾಡಿ, ಎಡಗೈ ಮುಷ್ಟಿ ಕಟ್ಟಿ, ಚೆಂಬಿನ ಕಡೆ ಒಗೆದಳು.

ಟಿಣ್.

ಅಳುವವರೂ ಹೊರುವವರೂ ಹಲಗೆಯವರೂ ಒಂದೇ ಸಲಕ್ಕೆ ಚೆಂಬಿನ ಮೇಲೆ ಬಗ್ಗಿದರು. ಅವಳ ಬಲಗೈಯ ಬೆರಳ ಸಂದಿಯಲ್ಲಿ ರೂಪಾಯಿಯ ಅಂಚು ಬೆಳ್ಳಗೆ ಇಣುಕುತ್ತಿತ್ತು. ಯಾರೂ ನೋಡಲಿಲ್ಲ. ದನಿ ಇನ್ನೂ ನಡುಗುತ್ತಿತ್ತು, ಎಲ್ಲರ ಕಣ್ಣೂ ಅದರ ಹಿಂದೆ ಹೋಗಿದ್ದವು.

ಜೋಗಪ್ಪ ಚೆಂಬನ್ನೆತ್ತಿ ಬೋರಲು ಹಾಕಿದ. ಏನೂ ಬೀಳಲಿಲ್ಲ. ಒಳಗೆ ಕೈ ಹಾಕಿ ತಿರುವಿದ. ಹೊರಗೆ ತೆಗೆಯುವಾಗ ಕೈ ಸಿಕ್ಕಿಕೊಂಡು, ಸ್ವಲ್ಪ ಹೊತ್ತು ಚೆಂಬನ್ನು ಜಾಡಿಸುತ್ತ ಒದ್ದಾಡಿದ.

ಬೊಮ್ಮಯ್ಯಜ್ಜ ಎಲ್ಲರಿಗಿಂತ ಹೆಚ್ಚು ಬಗ್ಗಿದ್ದ. ಅವನ ರುಮಾಲು ಪಕ್ಕೀರಮ್ಮನ ಮುಖದ ಹತ್ತಿರವೇ ಬಂದಿತ್ತು. ಅವಳು ಅದರ ಮಡಿಕೆಗೆ ಎರಡು ಬೆರಳು ಹಾಕಿ, ಬೆಳ್ಳಿಯ ರೂಪಾಯಿಯನ್ನು ಮೆಲ್ಲಗೆ ಹೊರಗೆ ತೆಗೆದಳು.

"ಅಜ್ಜಾ, ನಿಮ್ಮ ಹತ್ರ ಐತಲ್ರೀ."

ಸುಂಕಪ್ಪ ಸೀಟಿ ಹೊಡೆದ. ಸಾವಿನ ಮನೆಯೆಂದು ಆಮೇಲೆ ನೆನಪಾಗಿ ಬಾಯಿ ಮುಚ್ಚಿಕೊಂಡ.

ಪಕ್ಕೀರಮ್ಮ ಎದ್ದು, ಗಂಡನ ಹಣೆಯ ಎಣ್ಣೆಯನ್ನು ಸೆರಗಿನಿಂದ ಒರೆಸಿ, ಹೊಸದಾಗಿ ಭಂಡಾರ ಹಚ್ಚಿ ರೂಪಾಯಿ ಅಂಟಿಸಿದಳು. ಬಾಗಿದ್ದ ತಲೆಯನ್ನು ಗೋಡೆಗೆ ನೆಟ್ಟಗೆ ಒರಗಿಸಿದಳು. ತಿರುಗಿ ತನ್ನ ಎರಡೂ ಕೈಗಳನ್ನು ಬೊಮ್ಮಯ್ಯಜ್ಜನ ಮುಂದೆ ಚಾಚಿದಳು.

"ಕಟ್ಟಾದಿದ್ರ ಈಗ ಇವನ್ನ ಕಟ್ರಿ."

ಬೊಮ್ಮಯ್ಯಜ್ಜ ಒಂದು ಮಾರು ಹಿಂದೆ ಹೋದ. "ಬದುಕಿದ್ದವರಿಗೆ ಆ ಪದ್ಧತಿ ಇಲ್ಲವಾ," ಎಂದ. ಸ್ವಲ್ಪ ತಡೆದು, ಬಹಳ ಮರ್ಯಾದೆಯಿಂದ, "ಇಲ್ಲರೀ ಯವ್ವಾ," ಎಂದು ತಿದ್ದಿಕೊಂಡ.

ಹಗ್ಗ ಚಟ್ಟಕ್ಕೆ ಹೋಯಿತು. ಸಾಲದಿದ್ದದ್ದು ಸಾಕಾಯಿತು.

ಉಚ್ಚಂಗೆಪ್ಪನನ್ನು ಕೈ ಬಿಚ್ಚಿದ ಹಾಗೆಯೇ ಮಲಗಿಸಿ ಎತ್ತಿದರು. ಮುಂದೆ ಸುಂಕಪ್ಪ ಮಂಡಕ್ಕಿಯನ್ನೂ ಚಿಲ್ಲರೆಯನ್ನೂ ಎರಚುತ್ತ ನಡೆದ. ಮಣ್ಣಿನ ಓಣಿಯಲ್ಲಿ ಬಿದ್ದ ಪೈಸೆಗಳು ಸದ್ದೇ ಮಾಡಲಿಲ್ಲ. ಹಲಗೆಯ ಹಿಂದೆ ಗಂಡಸರೆಲ್ಲ ಹೊರಟರು.

ಹೆಂಗಸರು ಪಕ್ಕೀರಮ್ಮನನ್ನು ಹೊಸ್ತಿಲ ಹತ್ತಿರ ಕೂರಿಸಿದರು. ದುರುಗಮ್ಮ ಅವಳ ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಎಣ್ಣೆ ಸವರಿ, ಕಾಲುಂಗುರವನ್ನು ತಿರುವಿ ತಿರುವಿ ಕಿತ್ತಳು. ಒಂದು ಮಗ್ಗುಲು ಅದು ಸವೆದು ಚಪ್ಪಟೆಯಾಗಿತ್ತು. ಎಲ್ಲಿಡಬೇಕೆಂದು ಅತ್ತಿತ್ತ ನೋಡಿ, ಪಕ್ಕದಲ್ಲಿದ್ದ ಚೆಂಬಿನೊಳಗೆ ಹಾಕಿದಳು.

ಟಿಣ್.

ಎರಡು ಏಟುಗಳ ನಡುವೆ ದನಿ ಕೇಳಿ, ಇನ್ನೂ ಮನೆ ಮುಂದಿನ ಓಣಿಯಲ್ಲೇ ಇದ್ದ ಹಲಗೆ ನಿಂತಿತು. ಹೊರುವವರು ನಿಂತರು. ಎಲ್ಲರ ಕುತ್ತಿಗೆಯೂ ಚಟ್ಟದ ಕಡೆ ತಿರುಗಿತು, ಹಾರದ ಮೇಲೆ ಬಿಚ್ಚಿಕೊಂಡು ಬಿದ್ದಿದ್ದ ಉಚ್ಚಂಗೆಪ್ಪನ ಅಂಗೈಯ ಕಡೆ. ಬೊಮ್ಮಯ್ಯಜ್ಜ ರುಮಾಲನ್ನು ಬಿಚ್ಚಿ ಜಾಡಿಸತೊಡಗಿದ.

ದುರುಗಮ್ಮ ಚೆಂಬನ್ನು ನೋಡಿದಳು. ತೊಡೆಯ ಮೇಲಿದ್ದ ಪಾದವನ್ನು ನೋಡಿದಳು. ಆಮೇಲೆ ಎಡಗಾಲಿನದನ್ನು ಕಿತ್ತು ಚೆಂಬಿನ ಮೇಲೆ ಹಿಡಿದಳು. ಪಕ್ಕೀರಮ್ಮ ಬಲಗೈ ಚಾಚಿ ಅದನ್ನು ಇಸಿದುಕೊಂಡು, ಎಡಗೈಗೆ ಕೊಟ್ಟು ಮುಷ್ಟಿ ಕಟ್ಟಿದಳು.

ಓಣಿಯಲ್ಲಿ ಗಂಡಸರು ಇನ್ನೊಂದು ಸದ್ದಿಗಾಗಿ ಕಾಯುತ್ತ ನಿಂತೇ ಇದ್ದರು.

"ಕೊಡಬೇ," ಎಂದು ಮೆಲ್ಲಗೆ ಹೇಳಿ ದುರುಗಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿ ಭಂಡಾರದ ಹಳದಿಯಿತ್ತು, ಬೇರೇನೂ ಇರಲಿಲ್ಲ.